ಅಪ್‌ಡೇಟ್ ಬಂದ ದಿನ, ಗುತ್ತಲು ರಸ್ತೆ

ಮೂವತ್ತೆಂಟು ಜಿಬಿ.
ಶನಿವಾರ ರಾತ್ರಿ ಷಟರ್ ಎಳೆದು ಇಳಿಸಲು ಇಟ್ಟಿದ್ದು
ಸೋಮವಾರ ಹಾಲಿನವನು ಬರುವ ಹೊತ್ತಿಗೆ
ತೊಂಬತ್ತೊಂಬತ್ತಕ್ಕೆ ಬಂದು ಕೂತಿತ್ತು,
ಛತ್ರದ ಬಾಗಿಲಲ್ಲಿ ಮುನಿದ ಬೀಗರ ಹಾಗೆ.

ನನ್ನದು ಮೂರು ಕಂಪ್ಯೂಟರಿನ ಅಂಗಡಿ,
ಗಂಟೆಗೆ ಮೂವತ್ತು ರೂಪಾಯಿ, ಫ್ಯಾನು ಒಂದೇ.
ಆಟ ಒಂಟಿ ಆಟ:
ಒಬ್ಬ ಅಂಚೆಯವನು, ಒಂದು ಕುದುರೆ,
ಮುಗಿಯದ ಬಯಲು, ತಲುಪಿಸಬೇಕಾದ ಇನ್ನೂರು ಕಾಗದ.
ಜೊತೆಗಾರನಿಲ್ಲ, ಎದುರಾಳಿಯಿಲ್ಲ.
ಹೆಗಲಿಗೆ ಹೆಗಲು ತಾಗಿಸಿ ಕೂತವರು
ಬೇರೆ ಬೇರೆ ಬಯಲಿನಲ್ಲಿ ಒಬ್ಬೊಬ್ಬರೇ.
ಅಂಥವರು ಅವತ್ತು ಮೊದಲ ಸಲ
ಒಬ್ಬರಿಗೊಬ್ಬರು ಮಾತಾಡಿದರು.

ಮಾತಾಡಿದರು ಅಂದರೆ, ಬೈದರು.

"ಯಾವನ್ಲಾ ಇವನು ಸೇತುವೆ ಸರಿ ಮಾಡ್ದೋನು?"
ಲಿಖಿತನ ಕೂಗು. ಮುರಿದ ಸೇತುವೆಯ ಅಂಚಿನಲ್ಲಿ
ಕುದುರೆ ಗಾಳಿಯ ಮೇಲೆ ಕಾಲಿಟ್ಟು ದಾಟುವ ಜಾಗ ಒಂದಿತ್ತು,
ಆಟ ಮಾಡಿದವರ ತಪ್ಪು, ಇವನು ಕಂಡುಹಿಡಿದ ಸೊತ್ತು.
ಯಾರಿಗೂ ಹೇಳದೆ ಒಂದು ವರ್ಷ ಕಾಪಾಡಿದ್ದ.
ಈಗ ಅಲ್ಲಿ ಗಟ್ಟಿ ಹಲಗೆ, ಸುಂಕದ ಕಟ್ಟೆ.

ಅಫ್ಸರ್‌ಗೆ ಖುಷಿಯೋ ಖುಷಿ.
ವೆಲ್ಡಿಂಗಿನ ಕೆಂಪುಗಣ್ಣು ಉಜ್ಜಿಕೊಂಡು
"ಅಣ್ಣಾ, ಲಾಳ ನೋಡಿ, ಕಲ್ಲಿಗೆ ತಾಗಿದ್ರೆ ಕಿಡಿ!
ಕಿಡಿ ಹಾರೋದು ಹಿಂಗೇ. ಯಾರೋ ಕೆಲಸ ಗೊತ್ತಿರೋರು."
ಒಂದೂ ಕಾಗದ ಕೊಡದೆ
ಕಲ್ಲುದಾರಿಯಲ್ಲೇ ಗಂಟೆಗಟ್ಟಲೆ ಓಡಿಸಿದ.

ನರ್ಸಿಂಗ್ ಓದುವ ಸುಗುಣಾ ಮಾತ್ರ
ಮೊದಲು ಚೀಲ ಬಿಚ್ಚಿ ಎಣಿಸಿದಳು.
ನೂರ ಎಂಬತ್ತೇಳು ಕಾಗದ ಕೊಟ್ಟಿದ್ದವಳು.
ಈಗ ಒಟ್ಟು ಮುನ್ನೂರ ಹತ್ತು.
"ಸಿಲಬಸ್ ಬದಲಾಯಿಸಿದಂಗೆ," ಅಂದಳು,
"ಪರೀಕ್ಷೆ ಹಿಂದಿನ ದಿನ."

ಚೆಲುವರಾಜಪ್ಪ ಬರುವುದು ನಾಲ್ಕಕ್ಕೆ.
ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ
ಮೂವತ್ತು ವರ್ಷ ಕಬ್ಬಿನ ಗಾಡಿ ತೂಗಿದ ಮನುಷ್ಯ.
ಆಟಕ್ಕೆ ಬಂದು ಎರಡು ವರ್ಷ, ಒಂದು ಕಾಗದ ಕೊಟ್ಟವರಲ್ಲ.
ಮೊದಲ ಊರಿನ ಬಾವಿಯ ಹತ್ತಿರ ಕುದುರೆ ಕಟ್ಟಿ
ಅಲ್ಲೇ ಕೂರುವುದು.
ಕಟ್ಟೆಯ ಮೇಲೊಬ್ಬಳು ಮುದುಕಿ, ಅವಳಿಗೆ ಒಂದೇ ಮಾತು.
ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದನ್ನು
ನಾನೇ ಒಮ್ಮೆ ನಮ್ಮ ಮಾತಿಗೆ ತಂದು ಹೇಳಿದ್ದೆ:
"ಬಿಸ್ಲು ಬಲು ಅದೆ, ಕೂತ್ಕೊಳಪ್ಪ."
ಅಷ್ಟಕ್ಕೇ ದಿನಾ ಮೂವತ್ತು ರೂಪಾಯಿ.

ಅವತ್ತು ಸುಗುಣಾ ಎದ್ದ ಕುರ್ಚಿಗೆ ಬಂದು ಕೂತರು.
ಮುದುಕಿಗೆ ನೆರಳು ಬಂದಿತ್ತು, ಕೆಮ್ಮು ಬಂದಿತ್ತು,
ಮುಂಗೈಯಲ್ಲಿ ನರ ಕಾಣುತ್ತಿತ್ತು.
ಅವಳು ಏನೋ ಹೊಸದು ಅಂದಳು.
ನಾನು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಹೊತ್ತು ಇಳಿಯಿತು,
ಕೊಡ ಸೊಂಟಕ್ಕೇರಿಸಿ
ಎದ್ದು ಹೊರಟೇಬಿಟ್ಟಳು.

ಅಂಗಡಿಯಲ್ಲಿ ಬೈಗುಳ ನಿಂತಿತು.
"ಅವ್ರಿಗೆ ಹಳೇದೇ ಹಾಕ್ಕೊಡಣ್ಣ," ಲಿಖಿತ ಪಿಸುಗುಟ್ಟಿದ.
ಹಾಕಬಹುದಿತ್ತು, ಪೆನ್‌ಡ್ರೈವಿನಲ್ಲಿ ಇತ್ತು.
ರಾಜಪ್ಪ ತಿರುಗಿ ನೋಡದೆ ಕೈ ಅಡ್ಡ ಮಾಡಿದರು.
ಕುದುರೆಯನ್ನು ಅಲ್ಲೇ ಬಿಟ್ಟು
ಎರಡು ವರ್ಷದಲ್ಲಿ ಮೊದಲ ಸಲ ಆ ಬಾವಿ ದಾಟಿ
ನಡೆದೇ ಅವಳ ಹಿಂದೆ ಹೋದರು.
ಓಣಿ. ಕೋಳಿ. ಇನ್ನೊಂದು ಓಣಿ. ಹಸಿರು ಬಾಗಿಲು.
ಬಾಗಿಲು ಹಾಕಿಕೊಂಡಿತು.

ಆಟದ ಒಂದು ರಾತ್ರಿ ಅಂದರೆ ನಮ್ಮ ಹದಿನೆಂಟು ನಿಮಿಷ.
"ಇನ್ನರ್ಧ ಗಂಟೆ ಬರ್ಕೊ" ಅಂದು
ಆ ಬಾಗಿಲ ಮುಂದೆಯೇ ನಿಂತರು.
ಲಿಖಿತ, ಅಫ್ಸರ್ ತಮ್ಮ ಬಯಲು ಬಿಟ್ಟು ಬಂದರು,
ಬಸ್ಸಿಗೆ ಹೊರಟಿದ್ದ ಸುಗುಣಾ ಚೀಲ ಕೆಳಗಿಟ್ಟಳು.
ಒಂಟಿ ಆಟಕ್ಕೆ ಆರು ಕಣ್ಣು ಕಾವಲು,
ನನ್ನವೂ ಸೇರಿ ಎಂಟು.

ಹದಿನಾರನೇ ನಿಮಿಷಕ್ಕೆ ಕರೆಂಟು ಹೋಯಿತು.
ಯುಪಿಎಸ್ ಎರಡು ಸಲ ಕುಂಯ್ ಅಂದು ಅದೂ ಮಲಗಿತು.

ಲಿಖಿತ ಕೆಇಬಿಯವರ ಏಳು ತಲೆಮಾರು ಜಾಲಾಡಿದ.
ರಾಜಪ್ಪ ಅರೆಗತ್ತಲಲ್ಲಿ ಚಪ್ಪಲಿ ತಡಕಿ
ನಲವತ್ತೈದು ರೂಪಾಯಿ ಎಣಿಸಿ ನನ್ನ ಅಂಗೈಗಿಟ್ಟರು.
"ಬುಡು, ನಾಳೆ ಬತ್ತೀನಿ.
ಮನೆ ಗೊತ್ತಾಯ್ತಲ್ಲ."