ಮೂರನೇ ಕಂತಿನ ಅಡುಗೆಮನೆ

ಗೋದಾಮಿನೊಳಗೆ ನಮ್ಮ ಅಡುಗೆಮನೆ ಎದ್ದು ನಿಂತಿದೆ,
ಮೂರೇ ಗೋಡೆ.
ನಾಲ್ಕನೆಯದು ಇರಬೇಕಾದ ಕಡೆ ಕ್ಯಾಮೆರಾ, ವೈರು,
ಸೋರೆಬುರುಡೆಗೆ ಕೊಳವೆಯಿಟ್ಟು ಬಿಸಿ ಕಷಾಯ ಹೀರುವ ಹುಡುಗರು.
ತಗಡಿಗೆ ಹಸಿರು ಬಳಿದಿದ್ದಾರೆ. ಫೋಟೋ ಕೊಟ್ಟವಳು ನಾನು,
ಕಪ್ಪುಬಿಳುಪಿನದು. ಬಣ್ಣ ಯಾವುದಿತ್ತು ಅಂತ ಕೇಳಿದರು,
ಹಸಿರು ಅಂದುಬಿಟ್ಟೆ. ನೀಲಿಯಿದ್ದಿರಬಹುದು.
ಬಂದರಿಗೆ ಬಂದ ಹಡಗಿನವರು ಯಾವುದು ಮಿಗಿಸಿ ಕೊಟ್ಟರೆ
ಅಪ್ಪ ಅದನ್ನೇ ಬಳಿಯುತ್ತಿದ್ದ.

ಊರೆಲ್ಲ ನನ್ನ ತಮ್ಮನನ್ನು ಚಿಂಗೋಲೋ ಅನ್ನುತ್ತದೆ, ಗುಬ್ಬಿ.
ಬಾಹಿಯಾ ಬ್ಲಾಂಕಾದ ಗೋಡೆಗೋಡೆಯ ಮೇಲೆ ಅವನ ಮುಖ,
ಬಸ್ಸುಗಳ ಬೆನ್ನಿಗೆ ಅವನ ಹಾಡಿನ ಸಾಲು.
ಅವನು ಕಟ್ಟದೇ ಹೋದ ಬಾಡಿಗೆಯ ಚೀಟಿ ಮಾತ್ರ
ನನ್ನ ಮೇಜಿನ ಖಾನೆಯಲ್ಲಿ.

ವಕೀಲ ಬಹಳ ಮರ್ಯಾದಸ್ಥ. ಪೆನ್ನಿನ ಮುಚ್ಚಳ ತಾನೇ ತೆಗೆದು ಕೊಟ್ಟ.
"ದೋನ್ಯಾ ದೆಲ್ಮಿರಾ, ಎಂಟು ಕಂತಿಗೆ ಇಬ್ಬರು ಅಕ್ಕಂದಿರು ಭಾರವಾದರು.
ಒಬ್ಬಳನ್ನು ಮಾಡಿದ್ದೇವೆ. ಹೆಸರು ಮಾರ್ಗಾ."

ಮಾರ್ಗಾಳಿಗೆ ನನ್ನ ಸಿಟ್ಟು, ಒಫೆಲಿಯಾಳ ಸೊಂಟ,
ನನ್ನ ಟೈಪಿಂಗ್ ಕೆಲಸ, ಅವಳ ಕಳ್ಳನಗೆ.
ಗಿಟಾರಿಗೆಂದು ಹೊಲಿಗೆಯಂತ್ರ ಅಡವಿಟ್ಟವಳು ಅವಳು,
ಕದ್ದ ದುಡ್ಡೆಂದು ಅವನ ಕೆನ್ನೆಗೆ ಬಾರಿಸಿದವಳು ನಾನು.
ಈಗ ತಾನೇ ಕೊಡಿಸಿ ತಾನೇ ಬಾರಿಸುತ್ತಾಳೆ,
ಯಾಕೆಂದು ಯಾರೂ ಕೇಳುವುದಿಲ್ಲ.
ಆರನೇ ಕಂತಿನಲ್ಲಿ ಕೆಮ್ಮಿ ಕೆಮ್ಮಿ ಸಾಯುತ್ತಾಳೆ.
ಅಲ್ಲಿಗೆ ಅರ್ಧ ನಾನೂ ಹೋದೆ.
ಮಿಕ್ಕರ್ಧ ಇಲ್ಲಿದೆ, ಸಲಹೆಗಾರರ ಕುರ್ಚಿಯಲ್ಲಿ.
ಕುರ್ಚಿಯ ಬೆನ್ನಿಗೆ ಹೆಸರು. ಹೆಸರಿನಲ್ಲಿ ಒಂದಕ್ಷರ ತಪ್ಪು.

ಇವತ್ತು ಅಪ್ಪ ಗಿಟಾರು ಒಡೆಯುವ ದೃಶ್ಯ.
ಒಡೆಯಲೆಂದೇ ಆರು ಮಾಡಿಸಿದ್ದಾರೆ, ಹಗುರ ಮರದವು.
ಹೇಳಿದೆ: ಅಪ್ಪ ಒಡೆಯಲಿಲ್ಲ.
ಬಂದರಿನ ಕಣಜದಿಂದ ಬಂದ, ಹುಬ್ಬಿನ ತುಂಬ ಗೋಧಿಧೂಳು.
ಕೂತು ಒಂದೊಂದೇ ತಂತಿ ಸಡಿಲಿಸಿದ,
ಉಂಗುರ ಉಂಗುರ ಸುತ್ತಿ ಹೊಗೆಸೊಪ್ಪಿನ ಡಬ್ಬಿಯಲ್ಲಿಟ್ಟ,
ಬರಿಮೈ ಗಿಟಾರನ್ನು ಹುಡುಗನ ತೊಡೆಯ ಮೇಲೆ ಒರಗಿಸಿ
ಉಪ್ಪು ಎಲ್ಲಿ ಅಂದ.

ನಿರ್ದೇಶಕಿ ಹಿಮೇನಾ ನಿಜಕ್ಕೂ ಕೇಳಿಸಿಕೊಂಡಳು,
ಕಣ್ಣಲ್ಲಿ ನೀರೂ ಬಂತು.
"ತುಂಬ ಚೆನ್ನಾಗಿದೆ," ಅಂದಳು, "ಆದರೆ ಸದ್ದೇ ಇಲ್ಲ."

ಐದು ಒಡೆದವು.
ಅಪ್ಪನಾದವನು ಪ್ರತಿಸಲವೂ ನನ್ನ ಕಡೆ ತಿರುಗಿ
ತಪ್ಪು ತನ್ನದಲ್ಲ ಅನ್ನುವ ಹಾಗೆ ಟೋಪಿ ಮುಟ್ಟಿಕೊಂಡ.
ಗುಬ್ಬಿಯಾದ ಹುಡುಗ ಲೌತಾರೋ ಚೆಂದ ಅತ್ತ,
ನನ್ನ ತಮ್ಮನಿಗೆ ಜನ್ಮದಲ್ಲಿ ಬಾರದ ಅಳು.

ಆಮೇಲೊಂದು ತೊಡಕು: ಅಮ್ಮನಾದವಳ ಬೆರಳು
ರಾಜಧಾನಿಯ ಬೆರಳು, ಚಾಕುವಿಗೆ ಹೆದರುತ್ತದೆ.
ಹತ್ತು ಸೆಕೆಂಡಿಗೆ ಎರಡು ಕೈ ಬೇಕಾಗಿತ್ತು.
ಎಲ್ಲರ ಕಣ್ಣೂ ನನ್ನ ಮಡಿಲಿಗೆ ಬಿತ್ತು.

ಉಂಗುರ ಬಿಚ್ಚಿಸಿದರು. ಗೆಣ್ಣುಗಳಿಗೆ ಪೌಡರು.
ಆಲೂಗಡ್ಡೆ ಹೆರೆಯಿರಿ, ಅಷ್ಟೇ, ಮುಖ ಬರುವುದಿಲ್ಲ.

ಅಮ್ಮ ಹೆರೆದ ಸಿಪ್ಪೆಯ ಆಚೆ ಕಿಟಕಿ ಕಾಣುತ್ತಿತ್ತು.
ಒಫೆಲಿಯಾಳದು ದಪ್ಪ, ಸೌದೆ ಸೀಳಿದ ಹಾಗೆ;
ಅರ್ಧ ಗೆಡ್ಡೆ ಕೋಳಿಗೆ ಹಾಕ್ತೀಯಲ್ಲೇ ಮಹಾರಾಣಿ
ಅಂತ ದಿನಾ ಮಂಗಳಾರತಿ.
ನಾನು ದಪ್ಪಗೆ ಹೆರೆದೆ.
ಅಮ್ಮನ ಅಂಗಿಯ ತೋಳು, ನನ್ನ ಕೈ, ಒಫೆಲಿಯಾಳ ಸಿಪ್ಪೆ.
ಬೆಳಕು ಸರಿಬರಲಿಲ್ಲ, ಇನ್ನೊಮ್ಮೆ ಅಂದರು.
ಇನ್ನೂ ದಪ್ಪಗೆ ಹೆರೆದೆ.

ಎಂಟಕ್ಕೆ ದೀಪ ಆರಿಸಿದರು. ಹಸಿರೂ ಇಲ್ಲ, ನೀಲಿಯೂ ಇಲ್ಲ.
ಆರನೇ ಗಿಟಾರು ಒಡೆಯದೇ ಗೋಡೆಗೆ ಒರಗಿತ್ತು.
ಹೆರೆದ ಗೆಡ್ಡೆಗಳು ಯಾರಿಗೂ ಬೇಡವಾಗಿ ನೀರಲ್ಲಿ ಕೂತಿದ್ದವು.
ಒಂದು ಚೀಲ ಕೇಳಿ ಇಸಿದುಕೊಂಡು ತುಂಬಿಕೊಂಡೆ.

ಹೊರಗೆ ದಕ್ಷಿಣದ ಗಾಳಿ, ಬಸ್ಸು ತಡ.
ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು ಬೂಟಿನ ಮೇಲೆ.
ಮನೆಯಲ್ಲಿ ಉಪ್ಪು ಇದೆಯೋ ಇಲ್ಲವೋ
ನೆನಪು ಮಾಡಿಕೊಳ್ಳುತ್ತ ನಿಂತೆ.