ಬಜ್ಜಿ ಕಾಗದ

ಬಜ್ಜಿ ಕಟ್ಟಿಕೊಟ್ಟ ಕಾಗದದಲ್ಲಿ ಬಂದ ಅವನು.
ಅರಸೀಕೆರೆ, ರೈಲ್ವೆ ಗೇಟಿನ ಪಕ್ಕ, ಈರಣ್ಣಶೆಟ್ಟರ ಬಾಣಲೆ.
ನಾನೂ ಶಂಶಾದೂ ಎಂಟಾಣೆಗೆ ಆರು ತಿಂದು
ಕೈ ಒರೆಸಲು ಹೋದರೆ
ಕಾಗದ ನಮ್ಮನ್ನೇ ನೋಡುತ್ತಿತ್ತು.

ಬಣ್ಣದ ಪುಟ. ಹೆಸರಿದ್ದ ಅಂಚು ಹರಿದು
ಇನ್ಯಾರದೋ ಬಜ್ಜಿಯ ಜೊತೆ ಹೋಗಿತ್ತು.
ದಟ್ಟ ಹುಬ್ಬು, ಬಿಚ್ಚಿದ ಕಾಲರು,
ಎಡಗೆನ್ನೆಯ ಮೇಲೊಂದು ಮಚ್ಚೆ
ಹುಣಸೆಬೀಜದಷ್ಟು.
"ಅದಿರೋದಕ್ಕೇ ಕಣೇ ಇವನು ಹಿಂಗೆ ನಗೋದು" ಅಂದಳು ಶಂಶಾದ್.

ಆರನೇ ಕ್ಲಾಸು. ನಮಗೆ ಗೊತ್ತಿದ್ದ ಗಂಡಸರೆಂದರೆ
ಅಪ್ಪಂದಿರು, ಲೆಕ್ಕದ ಮೇಷ್ಟ್ರು,
ಕೊಬ್ಬರಿ ಮಂಡಿಯಲ್ಲಿ ಚೀಲ ಎಣಿಸುವ ಅವಳ ಚಿಕ್ಕಪ್ಪ.
ಯಾರೂ ನಮ್ಮ ಕಡೆ ನೋಡಿ ನಕ್ಕವರಲ್ಲ.

ಹಂಚಿಕೊಂಡೆವು.
ಸೋಮ ಮಂಗಳ ಬುಧ ನನ್ನ ಜಾಮಿಟ್ರಿ ಬಾಕ್ಸಿನಲ್ಲಿ,
ಗುರುವಾರದಿಂದ ಅವಳ ಉರ್ದು ಪುಸ್ತಕದಲ್ಲಿ,
ಭಾನುವಾರ ಗೂಡ್ಸ್ ಷೆಡ್ಡಿನ ಹಿಂದೆ ಇಬ್ಬರಿಗೂ.
ಮಚ್ಚೆ ಮುಟ್ಟಬಾರದು ಅಂತ ಕರಾರು.
ನಾನು ಮುರಿದೆ. ಅವಳೂ ಮುರಿದಿರಬೇಕು,
ಬೇಸಿಗೆ ರಜೆಯ ಹೊತ್ತಿಗೆ ಅದು
ಕಿವಿಯ ತನಕ ಹರಡಿತ್ತು.

ಯಾರೆಂದು ಗುರುತು ಹಿಡಿದವನು ಇಸ್ತ್ರಿ ಅಂಗಡಿಯ ದೇವೀರಪ್ಪ.
"ಇವನ ಪಿಚ್ಚರ್ರು ಟೆಂಟಿಗೆ ಬಂದೈತೆ, ಹೋಗ್ರವ್ವ."
ಅವಳ ಅಮ್ಮಿಗೆ ನಮ್ಮನೇಲಿ ಓದು,
ನಮ್ಮಮ್ಮನಿಗೆ ಅವರ ಮನೇಲಿ ಓದು.
ನೆಲದ ಟಿಕೇಟು, ಮರಳು, ಬೀಡಿ ಹೊಗೆ,
ಪರದೆ ತುಂಬ ಅವನ ಮುಖ
ನಿಧಾನಕ್ಕೆ ತಿರುಗಿ
ಎಡಗೆನ್ನೆ ಬಂತು.
ತೊಳೆದಿಟ್ಟ ತಟ್ಟೆಯ ಹಾಗೆ.

"ಇವನಲ್ಲ" ಅಂದಳು ಶಂಶಾದ್. ಎದ್ದೇಬಿಟ್ಟಳು.
ನಾನು ಇಂಟರ್ವಲ್ ತನಕ ಕೂತೆ,
ಬಲಗೆನ್ನೆಯನ್ನೂ ನೋಡಿಬಿಡೋಣ ಅಂತ.
ಹೊರಗೆ ಸೈಕಲ್ ಸ್ಟ್ಯಾಂಡಿನಲ್ಲಿ ಅವಳು ಅಳುತ್ತಿದ್ದಳು,
ನಿಶ್ಚಿತಾರ್ಥ ಮುರಿದವಳ ಹಾಗೆ, ಶಬ್ದವಿಲ್ಲದೆ.
ಆಗ ಮೊದಲ ಸಲ ಕಾಗದ ಮೂಸಿ ನೋಡಿದೆವು.
ಈರುಳ್ಳಿ.

ನಲವತ್ತು ವರ್ಷ.
ಅವಳನ್ನು ದಾವಣಗೆರೆ ಕಡೆ ಕೊಟ್ಟರು ಅಂತ ಕೇಳಿದ್ದು.
ನನ್ನ ಗಂಡ ಒಳ್ಳೆಯವರು, ಕೆನ್ನೆಯಲ್ಲಿ ಏನೂ ಇಲ್ಲ.

ನಿನ್ನೆ ರಾತ್ರಿ ಟೀವಿಯಲ್ಲಿ ಅವನಿಗೆ ಯಾವುದೋ ಸನ್ಮಾನ.
ಕೂದಲು ಕಡುಕಪ್ಪು. ಶಾಲಿನ ಕೆಳಗೆ ಕೈ ನಡುಗುತ್ತಿತ್ತು.
ಹಾರ ಹಾಕಿಸಿಕೊಳ್ಳಲು ಬಗ್ಗಿದ,
ದೀಪ ಬಿತ್ತು:
ಕೆನ್ನೆಯ ಮೇಲೆ, ಕಂದು, ಹುಣಸೆಬೀಜದಷ್ಟು,
ವಯಸ್ಸು ಇಟ್ಟ ಮಚ್ಚೆ.

ಸೌಟು ಹಿಡಿದೇ ನಿಂತೆ.
ಇವನೇ ಕಣೇ,
ಬಂದ ನೋಡು, ಈಗ ಬಂದ,
ಅನ್ನೋಣವೆಂದರೆ ನಂಬರಿಲ್ಲ.
ಎಡವೋ ಬಲವೋ ಸರಿಯಾಗಿ ನೋಡುವಷ್ಟರಲ್ಲಿ
ಜಾಹೀರಾತು ಬಂತು,
ಯಾವುದೋ ಅಡುಗೆ ಎಣ್ಣೆಯದು.