ಈಗೇನು?

ಕಿಹ್ನು ದ್ವೀಪದ ಅಂಚೆಕೋಣೆಯಲ್ಲಿ ಹೆಲ್ವಿ
ಬೆಳಿಗ್ಗೆ ಬ್ರೌಸರ್ ತೆರೆದರೆ ಅಲ್ಲಿ ನಿನ್ನೆಯೇ ಕೂತಿರುತ್ತಿತ್ತು:
ನಿನ್ನೆಯ ಗಾಳಿ, ನಿನ್ನೆಯ ಹಡಗು,
ಪ್ಯಾರ್ನು ಆಸ್ಪತ್ರೆಯ ನಿನ್ನೆಯ ಪ್ರಕಟಣೆ.
ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು;
ನಡುಗುವ ಬೆರಳು ತಲುಪುವಷ್ಟರಲ್ಲಿ
ಎಲ್ಲ ಮಡಚಿಕೊಂಡು ಮಾಯ.
"ಬಸವನಹುಳು ಮುಟ್ಟಿದ ಹಾಗೆ," ಅಂದಳು.

ಕಡಲು ಅರೆಗಟ್ಟಿದ ತಿಂಗಳು.
ದೋಣಿ ಹೋಗದಷ್ಟು ಗಟ್ಟಿ, ಕಾರು ಹೋಗದಷ್ಟು ತೆಳು.
ಶಾಲೆಗೆ ಕಂಪ್ಯೂಟರ್ ಕಲಿಸಲು ಬಂದ ನಾನೂ
ಅಲ್ಲೇ ಸಿಕ್ಕಿಬಿದ್ದಿದ್ದೆ.

ಶಾರ್ಟ್‌ಕಟ್ ಮಾಡಿಕೊಡೋಣವೆಂದು ಕೂತೆ.
ಖಾಲಿ ಪರದೆ, ಮೌಸಿನ ಬಲಗುಂಡಿ, ಒಂದು ಸಾಲಿನ ಅಪ್ಪಣೆ.
ಓಡಲಿಲ್ಲ.
ಫೋಲ್ಡರಿನ ಹೆಸರಿನಲ್ಲಿ ಎರಡು ಪದ, ನಡುವೆ ಬಿಡುವು.
ಯಂತ್ರ ಮೊದಲ ಪದದ ದಡಕ್ಕೆ ಬಂದು
ಮುಂದೆ ನೆಲವಿಲ್ಲವೆಂದು ನಿಂತುಬಿಡುತ್ತದೆ.
ಆಚೆಗೊಂದು ಈಚೆಗೊಂದು ಉದ್ಧರಣ ಚಿಹ್ನೆ ಹಾಕಿದೆ.
ದಾಟಿತು.
ಹೆಲ್ವಿ ಕನ್ನಡಕ ಏರಿಸಿ ನೋಡಿದಳು:
"ಇಷ್ಟೇನಾ? ಎರಡು ಕೊಕ್ಕೆ?"

ಚಿತ್ರ ಆರಿಸಲು ಮುಕ್ಕಾಲು ಗಂಟೆ.
ಬೀಗ ಬೇಡ, ಕಸದ ಬುಟ್ಟಿ ಬೇಡ,
ಭೂಗೋಳ ತೀರಾ ದೊಡ್ಡದಾಯಿತು.
ಕೊನೆಗೊಂದು ಮರ.
ಹೆಸರು "ನವೀಕರಿಸು" ಎಂದು ಬರೆದಿದ್ದೆ; ಅಳಿಸಿದಳು.
"ಜನ ಬಾಗಿಲು ತಳ್ಳಿ ಬಂದು ಏನು ಕೇಳ್ತಾರೋ
ಅದನ್ನೇ ಹಾಕು."

ಮರವನ್ನು ಎರಡು ಸಲ ತಟ್ಟಿದಳು.
ಮಂಜುಗಡ್ಡೆ ಹದಿನೇಳು ಸೆಂಟಿಮೀಟರ್. ರಸ್ತೆ ಇಲ್ಲ.
ಅರ್ಧ ಗಂಟೆ ಬಿಟ್ಟು ಮತ್ತೆ ತಟ್ಟಿದಳು. ಹದಿನೇಳು.
ಆದರೂ ಮುಖದಲ್ಲೊಂದು ಗೆಲುವು:
ಇದು ಇವತ್ತಿನ ಹದಿನೇಳು.

ಬೆಲ್ಟ್ ಕಟ್ಟದೆ ಕಾರು ಓಡಿಸಬೇಕಾದ ಆ ರಸ್ತೆ ತೆರೆದ ದಿನ
ನನ್ನ ಸಾಲನ್ನು ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆಸಿಕೊಂಡಳು.
ಹೆಣಿಗೆಯ ನಮೂನೆ ಓದುವಂತೆ ಬೆರಳಿಟ್ಟು ಓದಿದಳು:
ಕೊಕ್ಕೆ, ಓರೆಗೆರೆ, ಬಿಡುವು, ಓರೆಗೆರೆ, ಕೊಕ್ಕೆ.
ಒಂದು ಕುಣಿಕೆ ತಪ್ಪಿದರೆ ತೋಳೇ ಸೊಟ್ಟ ಎಂಬುದನ್ನು
ಅವಳಿಗೆ ನಾನು ಕಲಿಸಬೇಕಿರಲಿಲ್ಲ.

ಏಪ್ರಿಲ್‌ನಲ್ಲಿ ಹಡಗು ಹತ್ತಿ ಮರಳಿದರೆ
ಐದು ಮನೆಗಳ ಪರದೆಯಲ್ಲಿ ಅದೇ ಮರ.
ವೈಕೆಯ ಮನೆಯದು ಮಾತ್ರ ಓಡುತ್ತಿರಲಿಲ್ಲ.
ಬಗ್ಗಿ ನೋಡಿದೆ: ಕೊನೆಯ ಕೊಕ್ಕೆ ಇಲ್ಲ.
ಕೀಲಿಮಣೆಗೆ ಕೈ ಹಾಕುವಷ್ಟರಲ್ಲಿ ವೈಕೆ ತಡೆದಳು.
"ಇರಲಿ ಬಿಡು. ಕೆಟ್ಟಿದೆ ಅಂತ ಹೇಳಿಕಳಿಸಿದರೆ
ಹೆಲ್ವಿ ನೂಲಿನುಂಡೆ ಹಿಡಿದು ಬಂದು ಕೂರ್ತಾಳೆ.
ಸುದ್ದಿಯೆಲ್ಲ ಅವಳೇ ಹೇಳ್ತಾಳೆ,
ಆಸ್ಪತ್ರೆಯದ್ದೊಂದು ಬಿಟ್ಟು."